ನಕಲು ಒಲ್ಲದ ಅತ್ತಿಗೆ

ನಮ್ಮ ಅತ್ತಿಗೆ ಒಮ್ಮೆ ಆಡಿದ ಮಾತನ್ನು ಎರಡನೆಯ ಸಲ ಆಡುವವರಲ್ಲ. ಮುನಿಸಿನಿಂದಲ್ಲ, ಗರ್ವದಿಂದಂತೂ ಅಲ್ಲವೇ ಅಲ್ಲ. ಕೆಲವರಿಗೆ ಹುಟ್ಟಿನಿಂದಲೇ ಎಡಗೈ ವಾಟವಾಗಿರುವಂತೆ, ಕೆಲವರಿಗೆ ಹಾಲಿನ ಕೆನೆ ಕಂಡರೆ ಆಗದಿರುವಂತೆ, ಅವರಿಗೆ ಇದೊಂದು ಸಹಜ ಸ್ವಭಾವ. "ಏನಂದಿರಿ ಅತ್ತಿಗೆ?" ಎಂದು ಕೇಳಿದವರನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ. ಆ ನೋಟದಲ್ಲಿ ಕೋಪ ಇರುವುದಿಲ್ಲ. ಬಿದ್ದ ಆಟಿಕೆಯನ್ನು ಮಗುವೇ ಎತ್ತಿಕೊಳ್ಳಲಿ ಎಂದು ಕಾಯುವ ತಾಯಿಯ ತಾಳ್ಮೆ ಇರುತ್ತದೆ. "ಅಂದದ್ದು ಇಲ್ಲೇ ಎಲ್ಲೋ ಇರತ್ತೆ, ಹುಡುಕ್ಕೋ" ಎಂದು ತಮ್ಮ ಕೆಲಸಕ್ಕೆ ತಿರುಗಿಬಿಡುತ್ತಾರೆ. ಆಶ್ಚರ್ಯವೆಂದರೆ ಹುಡುಕಿದರೆ ಸಿಗುತ್ತದೆ. ಕಿವಿಯ ಯಾವುದೋ ಮೂಲೆಯಲ್ಲಿ ಆ ಮಾತು ಕರೆಯದೆ ಬಂದ ನೆಂಟನಂತೆ ಸಂಕೋಚದಿಂದ ಕೂತಿರುತ್ತದೆ. ಅವರು ಬಂದ ಮೇಲೆ ಮನೆಯವರೆಲ್ಲರ ಕಿವಿ ಚುರುಕಾಯಿತು ಎಂದು ಅಮ್ಮ ಹೇಳುವುದುಂಟು. ಅಮ್ಮನ ಕಿವಿ ಅದಕ್ಕೂ ಮೊದಲೇ ಚುರುಕಾಗಿತ್ತು, ಅದು ಬೇರೆ ವಿಷಯ.

ವಿಧಿಗೆ ಹಾಸ್ಯಪ್ರಜ್ಞೆಯಿಲ್ಲ ಎನ್ನುವವರು ಇಂಥ ಅತ್ತಿಗೆಯನ್ನು ಕಟ್ಟಿಕೊಂಡ ನನ್ನ ಅಣ್ಣನನ್ನೊಮ್ಮೆ ನೋಡಬೇಕು. ಅವನು ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟರು. ಪ್ರತಿಯೊಂದನ್ನೂ ಮೂರು ಸಲ ಹೇಳುತ್ತಾನೆ: ಮೊದಲನೆಯದು ಕೇಳುವವರಿಗೆ, ಎರಡನೆಯದು ಕೇಳದವರಿಗೆ, ಮೂರನೆಯದು ತಾನು ಹೇಳಿದ್ದು ಸರಿಯೇ ಎಂದು ತನಗೇ. "ಹಾಲು ತಂದಿದೀನಿ. ಹಾಲು, ತಂದಿದೀನಿ. ತಂದೆ ತಾನೆ ಹಾಲು?" ಇಬ್ಬರನ್ನೂ ಕೂಡಿಸಿ ಭಾಗಿಸಿದರೆ ಲೋಕದಲ್ಲಿ ಮನುಷ್ಯರು ಮಾತನಾಡುವಷ್ಟು ಲೆಕ್ಕಕ್ಕೆ ಬರುತ್ತದೆ. ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದು ರೈಲು ನಿಲ್ದಾಣದ ಮೇಲ್ಸೇತುವೆಯ ಮೇಲೆ, ಮತ್ತು ಕೇಳಿದ್ದು ವಾಡಿಕೆಯಂತೆ ಮೂರು ಸಲ. ಅತ್ತಿಗೆ "ಹೂಂ" ಎಂದರು. ಅದೇ ಗಳಿಗೆಗೆ ಕೆಳಗೆ ಗೂಡ್ಸ್ ರೈಲೊಂದು ಹಾದುಹೋಯಿತು. "ಏನು?" ಎಂದ ಅಣ್ಣ. ಅತ್ತಿಗೆ ನಕ್ಕು ಸುಮ್ಮನಾದರು. ಅಣ್ಣ ಮನೆಗೆ ಬಂದು ಊಟ ಬಿಟ್ಟ, ಗಡ್ಡ ಬಿಟ್ಟ, ಕೊನೆಗೆ ಶಾಲೆಗೆ ರಜೆಯನ್ನೂ ಹಾಕಿದ. ಹಲವು ದಿನಗಳ ಮೇಲೆ ಅತ್ತಿಗೆಯ ತಂಗಿ ಬಾಗಿಲಿಗೆ ಬಂದು, "ಅಕ್ಕ ಕೇಳ್ತಿದಾಳೆ, ಮದುವೆ ತಾರೀಖು ಗೊತ್ತು ಮಾಡಿದ್ರಾ ಅಂತ" ಎಂದಾಗಲೇ ಆ ಗೂಡ್ಸ್ ರೈಲಿನ ಕೆಳಗೆ ಏನು ಸಿಕ್ಕಿಹಾಕಿಕೊಂಡಿತ್ತೆಂದು ಅವನಿಗೆ ತಿಳಿದದ್ದು.

ಅತ್ತಿಗೆಯದೊಂದು ಬೂದುಬಣ್ಣದ ಕೋಟು. ಯಂತ್ರಗಳಿಗೆ ತಂಪು ಬೇಕೆಂದು ಅವರ ಕಚೇರಿಯನ್ನು ಸದಾ ಕೊರೆಯುವಂತೆ ಇಟ್ಟಿರುತ್ತಾರಾದ್ದರಿಂದ ಅದನ್ನು ಅಲ್ಲಿ ತೊಡುವುದು ಸರಿಯೇ. ಅಡುಗೆಮನೆಯಲ್ಲಿಯೂ, ಬಟ್ಟೆ ಒಣಗಿಸುವ ಬಿಸಿಲುಮಚ್ಚಿನಲ್ಲಿಯೂ ಅದೇ ಇರುತ್ತದೆ. ಕೋಟಿನ ಗುಂಡಿಗಳು ಯಾವಾಗಲೂ ಒಂದು ಮನೆ ತಪ್ಪಿ ಕೂತಿರುತ್ತವೆ, ಹಾಗಾಗಿ ಕೋಟಿನ ಒಂದು ಬದಿ ಇನ್ನೊಂದಕ್ಕಿಂತ ತುಸು ಮೇಲಕ್ಕೆ ಏರಿ, ಅವರು ಯಾವುದೋ ಇಳಿಜಾರಿನಲ್ಲಿ ನಿಂತಂತೆ ಕಾಣುತ್ತಾರೆ. ಯಾರಾದರೂ ತೋರಿಸಿಕೊಟ್ಟರೆ, "ನೀವು ಒಂದರಿಂದ ಎಣಿಸ್ತೀರಿ, ನಾನು ಸೊನ್ನೆಯಿಂದ" ಎನ್ನುತ್ತಾರೆ. ನಡಿಗೆಯೂ ಅಂಥದೇ. ನೆಲದ ಮೇಲೆ ಯಾರೋ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿಕೊಂಡು ಹೋಗುವವರಂತೆ ತಲೆ ಬಗ್ಗಿಸಿ ಸರಸರನೆ ಹೊರಟವರು, ಮೆಟ್ಟಿಲ ನಟ್ಟನಡುವೆ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ತಟ್ಟನೆ ನಿಂತುಬಿಡುತ್ತಾರೆ. ಹಿಂದೆ ಬರುತ್ತಿದ್ದವರು ಹೊಳೆಯ ನೀರು ಬಂಡೆಯನ್ನು ಬಳಸಿಕೊಂಡು ಹರಿಯುವಂತೆ ಎರಡೂ ಕಡೆಯಿಂದ ಹಾದು ಹೋಗುತ್ತಾರೆ. ಯೋಚನೆ ಮುಗಿದ ಮೇಲೆ ಮತ್ತೆ ಹೊರಡುವಾಗ, ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ ಎಂಬುದು ಅವರಿಗೆ ಎಷ್ಟೋ ಸಲ ಮರೆತಿರುತ್ತದೆ.

ಮಾತಿಗಿದ್ದ ನಿಯಮವೇ ಅವರಿಗೆ ವಸ್ತುಗಳಿಗೂ ಇತ್ತು. ಯಾವುದು ಎಲ್ಲಿದೆಯೋ ಅಲ್ಲಿಯೇ ಇರಲಿ. ಬೇಕಾದವರು ಅಲ್ಲಿಗೆ ಹೋಗಲಿ. ಒಮ್ಮೆ ಅಮ್ಮನಿಗೆ ಪಕ್ಕದ ಮನೆಯ ಎಳೆಮಗುವಿನ ಫೋಟೋ ನೋಡುವ ಆಸೆಯಾಯಿತು. "ನಿನ್ನ ಫೋನಿಗೆ ತರಿಸ್ಕೊಳ್ಳೇ" ಎಂದು ಸೊಸೆಗೆ ಹೇಳಿದರು. ಅತ್ತಿಗೆ ಅಮ್ಮನ ಮೊಣಕೈ ಹಿಡಿದು ಎಬ್ಬಿಸಿ, "ಮಗುವೇ ಗೋಡೆಯಾಚೆ ಇರುವಾಗ ಫೋಟೋ ಯಾಕತ್ತೆ?" ಎಂದು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅಣ್ಣನ ಚಪ್ಪಲಿ ಸಿಕ್ಕಿಸಿ ನಡೆಸಿಕೊಂಡು ಹೋದರು. ಅಮ್ಮ ಆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತು, ಸೀರೆ ಒದ್ದೆ ಮಾಡಿಸಿಕೊಂಡು, ವರ್ಷವೊಂದರಲ್ಲಿ ಇಷ್ಟು ನಕ್ಕಿರಲಿಲ್ಲವೆಂಬಂತೆ ನಗುತ್ತ ಮರಳಿದರು. ಹಾಗೆಂದು ಈ ಹಟ ಎಲ್ಲ ಸಲವೂ ಫಲಿಸುತ್ತದೆ ಎನ್ನುವಂತಿಲ್ಲ. ಮನೆಗೆ ಎರಡನೆಯ ಕೀಲಿ ಮಾಡಿಸುವುದನ್ನು ಅವರು ಒಪ್ಪಲೇ ಇಲ್ಲ. "ಬೀಗ ಒಂದು, ಕೀಲಿ ಯಾಕೆ ಎರಡು?" ಆ ಒಂದು ಕೀಲಿಯನ್ನು ಅಡುಗೆಮನೆಯ ಗೂಟದಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಬಂದ ದಿನ ನಾವೆಲ್ಲ ಹೊರಗಿನ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿಂದೆವು. ಬಡಗಿ ಬಂದು ಕಿಟಕಿ ಕಳಚುವವರೆಗೆ ಅಣ್ಣ "ನಾನು ಹೇಳಿದ್ದೆ" ಎಂಬುದನ್ನು ಮೂರರ ಮಿತಿ ಮೀರಿ ಹೇಳಿದ. ಅತ್ತಿಗೆ ಬ್ರೆಡ್ಡಿನ ತುದಿಗಳನ್ನು ಹಕ್ಕಿಗಳಿಗೆ ಹಾಕುತ್ತ, ಕೀಲಿ ಎಲ್ಲಿದೆಯೆಂದು ತಮಗೆ ಸ್ಪಷ್ಟವಾಗಿ ಗೊತ್ತಿದೆಯೆಂದೂ ಆದ್ದರಿಂದ ಅದು ಕಳೆದಂತಲ್ಲವೆಂದೂ ವಾದಿಸಿದರು.

ಅವರ ಉದ್ಯೋಗ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು. ನನ್ನದು ಆಂಬುಲೆನ್ಸ್ ಕರೆ ಕೊಠಡಿಯಲ್ಲಿ ಫೋನು ಎತ್ತುವುದು. ಕಾವ್ಯ ಓದಿ ಕೊನೆಗೆ ಈ ಕೆಲಸಕ್ಕೆ ಬಂದೆನಲ್ಲ ಎಂದು ಮೊದಮೊದಲು ಖಿನ್ನನಾಗಿದ್ದೆ. ಮನುಷ್ಯರು ಪೀಠಿಕೆಯಿಲ್ಲದೆ ಮಾತನಾಡುವುದನ್ನು ಕೇಳಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಆಮೇಲೆ ತಿಳಿಯಿತು. ಕರೆ ಮಾಡಿದವರು ಹೇಳಿದ ಸ್ಥಳವನ್ನು ನಾನು ಟೈಪು ಮಾಡಬೇಕು. ಸ್ಕ್ರೀನು ಅದನ್ನು ಊರಿನ ಓಣಿ, ಕಟ್ಟಡ, ಅಂಗಡಿಗಳ ನಡುವೆ ಹುಡುಕಿ, ಹತ್ತಿರದ ಗಾಡಿ ಯಾವುದೆಂದು ತೋರಿಸಬೇಕು. ಆ ಪ್ರೋಗ್ರಾಂ ಬರೆದುಕೊಟ್ಟಿದ್ದು ಅತ್ತಿಗೆಯ ಕಚೇರಿಯೇ. ಅದು ತೋರಿಸುತ್ತಿತ್ತು, ಆದರೆ ಆಗಾಗ, ಯಾವ ಕಾರಣವೂ ಇಲ್ಲದೆ, ಹಾಗೇ ಸ್ತಬ್ಧವಾಗಿ ನಿಂತುಬಿಡುತ್ತಿತ್ತು. ಆಚೆ ಯಾರೋ ಅಳುತ್ತಿದ್ದಾರೆ, ಈಚೆ ಸ್ಕ್ರೀನು ಕಣ್ಣು ಮಿಟುಕಿಸುತ್ತಿಲ್ಲ, ನಡುವೆ ನಾನು "ಒಂದ್ನಿಮಿಷ ಇರಿ, ಒಂದ್ನಿಮಿಷ" ಎನ್ನುತ್ತಿದ್ದೇನೆ. ಆ ಎರಡು ಶಬ್ದಗಳ ಮೇಲೆ ನನಗೆ ಹುಟ್ಟಿದ ಜಿಗುಪ್ಸೆಯನ್ನು ವರ್ಣಿಸಲಾರೆ.

ಒಂದು ಸಂಜೆ ಅತ್ತಿಗೆ ಬಟಾಣಿ ಸುಲಿಯುತ್ತ ಕೂತಿದ್ದಾಗ ಅವರ ಮುಂದೆ ಇದನ್ನು ತೋಡಿಕೊಂಡೆ. ಹುಡುಕುವ ಆ ಭಾಗವನ್ನು ಅವರ ಕಚೇರಿಯಲ್ಲಿ ಬೇರೆಯವರು ಬರೆದಿದ್ದರು, ಇವರು ಅದನ್ನು ನೋಡಿರಲಿಲ್ಲ. ನನ್ನ ದೂರನ್ನು ಕೇಳಿ ಬಟಾಣಿ ಬಿಟ್ಟು ಎದ್ದುಹೋದವರು, ಎರಡು ದಿನ ಕಳೆದು ಅದೇ ಜಾಗಕ್ಕೆ ಬಂದು ಕೂತು, ಮಾತು ನಡುವೆ ನಿಂತಿರಲೇ ಇಲ್ಲವೆಂಬಂತೆ ಮುಂದುವರಿಸಿದರು.

"ಹೆಸರನ್ನ ಹೇಗೆ ಹುಡುಕ್ತಾರೆ ಗೊತ್ತಾ? ಅದರ ಅಕ್ಷರಗಳನ್ನೆಲ್ಲ ಒಂದೊಂದಾಗಿ ಅರೆದು ಒಂದು ಸಂಖ್ಯೆ ಮಾಡ್ತಾರೆ. ಅದಕ್ಕೆ ಹ್ಯಾಶ್ ಅಂತಾರೆ. ಆ ಸಂಖ್ಯೆಯ ಗೂಡಲ್ಲಿ ಹೆಸರನ್ನ ಇಟ್ಟಿರ್ತಾರೆ. ನೀನು ಟೈಪ್ ಮಾಡಿದ್ದನ್ನೂ ಹಾಗೇ ಅರೆದ್ರೆ ಅದೇ ಸಂಖ್ಯೆ ಬರತ್ತೆ, ನೆಟ್ಟಗೆ ಅದೇ ಗೂಡಿಗೆ ಕೈ ಹಾಕಬಹುದು. ಊರವರ ಮುಖವನ್ನೆಲ್ಲ ನೋಡ್ಕೊಂಡು ಬರಬೇಕಾಗಿಲ್ಲ."

"ಒಳ್ಳೇದೇ ಅಲ್ವಾ?" ಎಂದೆ.

"ಒಳ್ಳೇದೇ. ಆದ್ರೆ ಅರೆಯೋಕೆ ಮುಂಚೆ ಪ್ರತಿ ಹೆಸರನ್ನೂ ನಕಲು ಮಾಡ್ತಿದಾರೆ ಕಣೋ!" ಅವರ ದನಿಯಲ್ಲಿದ್ದದ್ದು, ಪಕ್ಕದ ಮನೆಯಲ್ಲಿ ನಲ್ಲಿ ತೆರೆದು ಬಿಟ್ಟು ಊರಿಗೆ ಹೋಗಿದ್ದಾರೆಂದು ತಿಳಿದವರ ಸಂಕಟ. "ನೀನು ಒಂದೊಂದು ಅಕ್ಷರ ಒತ್ತಿದಾಗಲೂ ಸಾಲನ್ನ ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ನಕಲು. ಅರೆದಾದ ಮೇಲೆ ಆ ನಕಲು ಕಸ. ಆ ಕಸ ತುಂಬಿ ಕಾಲಿಡೋಕೆ ಜಾಗ ಇಲ್ಲದಾಗ ಯಂತ್ರ ಪೊರಕೆ ಹಿಡಿಯತ್ತೆ. ಮನೆ ಗುಡಿಸೋವಾಗ ಏನ್ಮಾಡ್ತೀವಿ? ಎಲ್ಲಾರೂ ಕಾಲೆತ್ತಿ ಸುಮ್ನೆ ಕೂತ್ಕೋತೀವಿ. ನಿನ್ನ ಸ್ಕ್ರೀನೂ ಕಾಲೆತ್ತಿ ಕೂತಿರತ್ತೆ, ಅಷ್ಟೆ."

ನನಗೆ ಅಂದಿನಿಂದ ಆ ಸ್ಕ್ರೀನಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ನಕಲು ಮಾಡುವ ಆ ಭಾಗವನ್ನು ಬರೆದವರು ಅವರ ಸಹೋದ್ಯೋಗಿ, ಕಚೇರಿಯಲ್ಲಿ ಎಲ್ಲರೂ 'ಜೋಪಾನಯ್ಯ' ಎಂದು ಕರೆಯುವ ಸಜ್ಜನರು. ಬಿಸಿಲಿದ್ದರೂ ಕೊಡೆ, ಕೊಡೆಯಿದ್ದರೂ ಟೋಪಿ. ಪ್ಯಾಂಟು ಜಾರದಂತೆ ಬೆಲ್ಟಿನ ಜೊತೆಗೆ ಭುಜಪಟ್ಟಿ. ಚಹಾದ ಲೋಟಕ್ಕೆ ಒಂದು ತಟ್ಟೆ, ಆ ತಟ್ಟೆಗೆ ಕೆಳಗೊಂದು ಕಾಗದ. ಯಾಕೆಂದು ಕೇಳಿದರೆ "ಜೋಪಾನಕ್ಕೆ ಇರಲಿ ಅಂತ" ಎಂಬುದೊಂದೇ ಉತ್ತರ. ಅವರು ನಕಲು ಮಾಡಿದ್ದೂ ಜೋಪಾನಕ್ಕೇ. ಕಚೇರಿಯ ಮುಖ್ಯಸ್ಥರ ಅಭಿಪ್ರಾಯ ಮೂರನೆಯದು: ಹೆಚ್ಚು ಮೆಮೊರಿಯಿರುವ ದೊಡ್ಡ ಯಂತ್ರ ತರಿಸಿದರೆ ತೊಂದರೆ ತಾನಾಗಿ ನೀಗುತ್ತದೆ. ಅತ್ತಿಗೆ ಅದಕ್ಕೆ, "ದೊಡ್ಡ ಮನೆ ಕಟ್ಟಿದ್ರೆ ಕಸ ಕಮ್ಮಿ ಆಗಲ್ಲ ಸಾರ್, ಗುಡಿಸೋಕೆ ಇನ್ನೂ ಹೊತ್ತು ಹಿಡಿಯತ್ತೆ" ಎಂದರಂತೆ. ಮುಖ್ಯಸ್ಥರ ಮನೆ ದೊಡ್ಡದು, ಮಾತು ನಾಟಿತು. ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಆಗದಿದ್ದರೆ ಕರೆ ಕೊಠಡಿಯವರು ಬೇರೆ ಕಚೇರಿಯನ್ನು ನೋಡಿಕೊಳ್ಳುವುದಾಗಿ ಆಗಲೇ ಹೇಳಿಕಳಿಸಿದ್ದರು.

ಆ ತಿಂಗಳು ಅತ್ತಿಗೆ ಮನೆಯಲ್ಲಿದ್ದೂ ಇರಲಿಲ್ಲ. ಅವರು ಬಿಡಿಸಬೇಕಾಗಿದ್ದ ಗಂಟನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಅವರು ಬರೆಯುವ ಆ ಪ್ರೋಗ್ರಾಂ ಭಾಷೆಯಲ್ಲಿ ಪದವೆಂದರೆ ಮುಚ್ಚಳ ಬಿಗಿದ ಗಾಜಿನ ಭರಣಿ. ಯಾರೂ ಒಳಗೆ ಕೈಹಾಕಿ ಕೆಡಿಸಬಾರದೆಂದು ಹಾಗೆ ಮಾಡಿದ್ದಾರೆ. ಆದರೆ ಅರೆಯುವ ಕಲ್ಲಿಗೆ ಬೇಕಾದದ್ದು ಬಿಡಿ ಕಾಳು. ಆದ್ದರಿಂದ ಎಲ್ಲರೂ ಭರಣಿಯಲ್ಲಿದ್ದದ್ದನ್ನು ಹೋಲುವ ಇನ್ನೊಂದು ರಾಶಿಯನ್ನು ಹೊರಗೆ ಸುರಿದುಕೊಂಡು ಅರೆಯುತ್ತಾರೆ. ಅತ್ತಿಗೆಯ ಪ್ರಶ್ನೆ ಒಂದೇ: ಗಾಜಿನ ಹೊರಗಿನಿಂದಲೇ ಕಾಳು ಕಾಣುತ್ತಿರುವಾಗ ಸುರಿದುಕೊಳ್ಳುವುದೇಕೆ? ಸಾಲನ್ನು ತುಂಡು ಮಾಡುವುದೇಕೆ? ಯಾವ ಅಕ್ಷರದಿಂದ ಶುರು, ಎಷ್ಟು ಉದ್ದ, ಇಷ್ಟು ಹೇಳಿದರೆ ಇದ್ದಲ್ಲೇ ಓದಿಕೊಂಡು ಹೋಗಬಹುದಲ್ಲ? "ಎಲ್ಲಿಂದ, ಎಷ್ಟುದ್ದ" ಎಂಬುದು ಆ ದಿನಗಳಲ್ಲಿ ಅವರ ತುಟಿಯ ಮೇಲಿನ ಮಂತ್ರವಾಯಿತು. ಅಣ್ಣ ಸೌತೆಕಾಯಿ ಹೆಚ್ಚಿಕೊಡಲೇ ಎಂದು ಕೇಳಿದರೂ ಅದೇ ಉತ್ತರ. ಪಾಪ, ಅವನು ನಿಜವಾಗಿಯೂ ಅಳೆದು ಹೆಚ್ಚಿದ.

ಸಿದ್ಧವಾಗಿ ಸಿಗುವ ಕಲ್ಲುಗಳಲ್ಲಿ ಯಾವುದೂ ಒಗ್ಗದೆ ಕೊನೆಗೆ ತಾವೇ ಒಂದನ್ನು ಕಟೆದರು. ಅದು ಪದವನ್ನು ಕದಲಿಸದೆ, ಅದಿದ್ದಲ್ಲೇ ಅಕ್ಷರದಿಂದ ಅಕ್ಷರಕ್ಕೆ ನಡೆದು, ನಡೆಯುತ್ತಲೇ ಸಂಖ್ಯೆಯನ್ನು ಕಲೆಸಿಕೊಂಡು, ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತಿತ್ತು. ಜೋಪಾನಯ್ಯನವರಿಗೆ ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ಗಲ್ಲ ಕೆರೆದುಕೊಂಡು, "ಚೆನ್ನಾಗಿದೆ. ಆದ್ರೆ ಇನ್ನೊಬ್ಬರ ಮನೇಲಿರೋ ವಸ್ತು ನೋಡ್ಕೊಂಡು ಲೆಕ್ಕ ಹಾಕ್ತಿದೀವಿ. ಅವರು ಅದನ್ನ ಬದಲಾಯಿಸಿಬಿಟ್ರೆ? ಎಲ್ಲಾದ್ರೂ ಒಂದು ನಕಲು ಇರಲಿ, ಜೋಪಾನಕ್ಕೆ" ಎಂದರಂತೆ. ಗೆಲುವಿನ ಹುರುಪಿನಲ್ಲಿದ್ದ ಅತ್ತಿಗೆ, ಕೊಡೆ ಟೋಪಿ ಎರಡನ್ನೂ ಹಿಡಿದವರ ಆ ಮಾತನ್ನು ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟರು.

ಹೊಸ ಪ್ರೋಗ್ರಾಂ ನಮ್ಮ ಕೊಠಡಿಗೆ ಬಂದ ಬೆಳಿಗ್ಗೆ ಮೊದಲ ಕರೆ ಮೂಗಿಗೆ ಮಣಿ ತುರುಕಿಕೊಂಡ ಮಗುವಿನದು. ತಾಯಿ ಹೇಳಿದ ವಿಳಾಸವನ್ನು ಅರ್ಧ ಟೈಪು ಮಾಡಿದ್ದೆ. ಉಳಿದರ್ಧ ಮುಗಿಯುವ ಮೊದಲೇ ಗಾಡಿ ಯಾವುದೆಂದು ಸ್ಕ್ರೀನಿನ ಮೇಲೆ ಬಂದು ನಿಂತಿತು. ಅಭ್ಯಾಸಬಲದಿಂದ "ಒಂದ್ನಿಮಿಷ ಇರಿ" ಎಂದೆ. ಆಮೇಲೆ ಆ ನಿಮಿಷವನ್ನು ಏನು ಮಾಡುವುದೆಂದು ತಿಳಿಯದೆ, "ಬೇಡ, ಇರಬೇಡಿ, ಗಾಡಿ ಹೊರಟಿತು" ಎಂದೆ. ಆ ದಿನವಿಡೀ ನಮ್ಮ ಕೊಠಡಿಯಲ್ಲಿ ಎಲ್ಲರೂ ಬೇಕಿಲ್ಲದ ಓಣಿಗಳ ಹೆಸರನ್ನೂ ಸುಮ್ಮನೆ ಟೈಪು ಮಾಡಿ, ಅದು ಥಟ್ಟನೆ ಬರುವುದನ್ನು ನೋಡಿ ಮಕ್ಕಳಂತೆ ಖುಷಿಪಟ್ಟೆವು. ಅತ್ತ ಅತ್ತಿಗೆಯ ಕಚೇರಿಯಲ್ಲಿ ಮುಖ್ಯಸ್ಥರು ಕೇಕು ತರಿಸಿದರು. ಅತ್ತಿಗೆ ತಮ್ಮ ಪಾಲನ್ನು ನಿಂತುಕೊಂಡೇ ಡಬ್ಬಿಯಿಂದ ತಿಂದರು, ತಟ್ಟೆಗೆ ಹಾಕಿಕೊಳ್ಳದೆ.

ಸಂತೋಷ ಕೆಲವು ವಾರ ಬಾಳಿತು. ಆಮೇಲೊಂದು ಮಧ್ಯಾಹ್ನ ಒಬ್ಬ ಮುದುಕರ ಕರೆ ಬಂತು. ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ಏಳಲಾಗುತ್ತಿಲ್ಲ, ಮಾತು ತೊದಲುತ್ತಿದೆ.

"ಎಲ್ಲಿದೀರಿ ಅಜ್ಜ?"

"ಗಡಿಯಾರದ ಓಣಿ ಕಣಪ್ಪ. ಹೊಸದಾಗಿ ಹೆಸರಿಟ್ಟಿದಾರಲ್ಲ, ಅದು."

ಟೈಪು ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಇಂಥ ಸ್ಥಳವಿಲ್ಲ. ಮತ್ತೆ ಮಾಡಿದೆ, ಅದೇ ಚುರುಕು, ಅದೇ ಸುಳ್ಳು. ಅಂದು ಬೆಳಿಗ್ಗೆಯಷ್ಟೇ ಹೊಸ ಓಣಿಗಳನ್ನು ಸೇರಿಸುವಾಗ ಆ ಹೆಸರನ್ನು ನನ್ನ ಕಣ್ಣಾರೆ ನೋಡಿದ್ದೆ. ಆಚೆಯಿಂದ ಅಜ್ಜ, "ಬೇಗ ಬರ್ತಾರಾ? ಅವಳ ಕೈ ತಣ್ಣಗಾಗ್ತಿದೆ" ಎನ್ನುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಕುರ್ಚಿಯಿಂದೆದ್ದು, ಚಹಾ ಕುಡಿಯುತ್ತಿದ್ದ ಡ್ರೈವರುಗಳ ಕಡೆಗೆ ತಿರುಗಿ ಕೂಗಿದೆ: "ಗಡಿಯಾರದ ಓಣಿ ಯಾರಿಗಾದ್ರೂ ಗೊತ್ತಾ?"

ಮೂಲೆಯಲ್ಲಿದ್ದವನೊಬ್ಬ ಲೋಟ ಕೆಳಗಿಟ್ಟ. "ನಮ್ಮ ಭಾವನ ಅಂಗಡಿ ಇರೋದೇ ಅಲ್ಲಿ. ಹೊರಟೆ."

ಗಾಡಿ ತಲುಪಿತು. ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು, ಜೀವಕ್ಕೆ ತೊಂದರೆಯಿಲ್ಲ ಎಂಬ ಸುದ್ದಿ ಬಂತು. ಆಮೇಲೆ ಅತ್ತಿಗೆಗೆ ಫೋನು ಮಾಡಿದೆ. ಹೇಳಿ ಮುಗಿಸುವ ಮೊದಲೇ ಆಚೆ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು.

ಬಂದವರು ಯಾರನ್ನೂ ಮಾತನಾಡಿಸದೆ ನನ್ನ ಕುರ್ಚಿಯಲ್ಲಿ ಕೂತು ಹಳೆಯ ಓಣಿಗಳ ಹೆಸರು ಟೈಪು ಮಾಡಿದರು, ಎಲ್ಲ ಸಿಕ್ಕವು. ಅಂದು ಸೇರಿಸಿದ ಹೊಸವನ್ನು ಮಾಡಿದರು. ಕೊನೆಯದೊಂದನ್ನು ಬಿಟ್ಟು ಯಾವುದೂ ಸಿಗಲಿಲ್ಲ. ಅಲ್ಲಿಯವರೆಗೆ ಓಡುತ್ತಿದ್ದ ಬೆರಳುಗಳು ನಿಂತವು. ಮೆಟ್ಟಿಲ ನಡುವೆ ನಿಲ್ಲುವಾಗಿನ ನಿಶ್ಚಲತೆಯೇ, ಆದರೆ ಈ ಸಲ ಮುಖದ ಬಣ್ಣ ಇಳಿದಿತ್ತು.

"ಹೊಸ ಹೆಸರು ಬಂದಾಗ ಅದನ್ನ ಒಂದು ತಟ್ಟೆಗೆ ಹಾಕ್ಕೊಂಡು ಓದ್ತೀವಿ," ಎಂದರು, ನನಗೆಂದು ಹೇಳಲಾಗದಷ್ಟು ಮೆಲ್ಲಗೆ. "ಗಡಿಯಾರದ ಓಣಿ ತಟ್ಟೇಲಿತ್ತು. ಅದನ್ನ ಅರೆದೆ, ಸಂಖ್ಯೆ ಸರಿಯಾಗೇ ಬಂತು. ಗೂಡಲ್ಲಿ ಹೆಸರು ಇಡೋ ಬದ್ಲು, 'ಹೆಸರು ಆ ತಟ್ಟೇಲಿದೆ' ಅಂತ ಮಾತ್ರ ಇಟ್ಟೆ. ಆಮೇಲೆ ಅದೇ ತಟ್ಟೆಗೆ ಮುಂದಿನ ಹೆಸರು ಬಿತ್ತು. ಅದರ ಮೇಲೆ ಮತ್ತೊಂದು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಲ್ಲಾ ಗೂಡುಗಳೂ ಒಂದೇ ತಟ್ಟೆ ಕಡೆ ಬೆರಳು ತೋರಿಸ್ಕೊಂಡು ನಿಂತಿವೆ" ಎಂದರು.

ಆ ಹೊತ್ತಿಗೆ ಬೇಕಾದ ಸಣ್ಣ ತೇಪೆ ಹಾಕಿ, ಹೊಸ ಓಣಿಗಳನ್ನು ಮತ್ತೆ ಸೇರಿಸಿ ಹೋದರು. ಮರುದಿನ ಅವರ ಕಚೇರಿಯಲ್ಲಿ ಸಭೆ. ದೂರು ಕೊಟ್ಟವನೆಂದು ನನ್ನನ್ನೂ ಕರೆದಿದ್ದರು. ಉದ್ದನೆಯ ಮೇಜು, ಕುಡಿಯದೆ ಉಳಿದ ನೀರಿನ ಲೋಟಗಳು, ತೆರೆದ ಕಿಟಕಿಯಿಂದ ಕೆಳಗಿನ ರಸ್ತೆಯ ಗದ್ದಲ. ಯಂತ್ರದ ದೋಷವಿರಬಹುದು ಎಂದು ಒಬ್ಬರು, ಹೊಸ ಹೆಸರು ಸೇರಿಸಿದವರ ಕೈತಪ್ಪಿರಬಹುದು ಎಂದು ಇನ್ನೊಬ್ಬರು ನಯವಾಗಿ ದಾರಿ ಮಾಡಿಕೊಡುತ್ತಿದ್ದರು. ಕೈಹಿಡಿದು ನಡೆದರೆ ಯಾರಾದರೂ ಪಾರಾಗಬಹುದಾದ ದಾರಿ. ಮುಖ್ಯಸ್ಥರು ಗದ್ದಲ ತಡೆಯಲಾರದೆ ಎದ್ದು ಕಿಟಕಿ ಮುಚ್ಚಲು ಹೋದರು. ಆಗ ಅತ್ತಿಗೆ, "ತಪ್ಪು ನಂದು" ಎಂದರು.

ಕಿಟಕಿಯ ಚಿಲಕ ದಡಾರನೆ ಬಿತ್ತು. ಮುಖ್ಯಸ್ಥರು ತಿರುಗಿ, "ಏನಂದ್ರಿ?" ಎಂದರು.

ಅತ್ತಿಗೆಯ ಸ್ವಭಾವ ಬಲ್ಲವರೆಲ್ಲ ಅವರ ಕಡೆಗೆ ತಿರುಗಿದೆವು. ಜೋಪಾನಯ್ಯನವರಂತೂ ತಾವೇ ಹೇಳಿಬಿಡೋಣವೇ ಎಂಬಂತೆ ಬಾಯಿ ತೆರೆದರು. ಅತ್ತಿಗೆ ಎದ್ದು ನಿಂತು, ಓರೆಯಾದ ಕೋಟನ್ನು ಕೆಳಕ್ಕೆ ಎಳೆದುಕೊಂಡರು.

"ತಪ್ಪು ನಂದು ಅಂದೆ ಸಾರ್. ಎಲ್ಲಾದ್ರೂ ಒಂದು ನಕಲು ಇರಲಿ ಅಂತ ಇವರು ಮೊದಲೇ ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಆ ಅಜ್ಜಿ ಬದುಕಿದ್ದು ಡ್ರೈವರ್‌ನ ಭಾವನ ಪುಣ್ಯ, ನನ್ನ ಪ್ರೋಗ್ರಾಂ ಪುಣ್ಯ ಅಲ್ಲ."

ಜೋಪಾನಯ್ಯ ತಮ್ಮ ಜೀವಮಾನದ ಎಚ್ಚರಿಕೆಗಳಲ್ಲೊಂದು ನಿಜವಾದದ್ದಕ್ಕೆ ಹಿಗ್ಗಬಹುದಿತ್ತು. ಅವರು ಕೆಂಪಾಗಿ, ಟೋಪಿಯನ್ನು ಕೈಯಲ್ಲಿ ತಿರುವುತ್ತ, "ಅಯ್ಯೋ, ನಾನು ಎಲ್ಲದಕ್ಕೂ ಹಾಗೇ ಅಂತೀನಲ್ಲಮ್ಮ. ಹೆದರೋನು ಹತ್ತು ಸಲ ಹೆದರಿದ್ರೆ ಒಂದು ಸಲ ಹುಲಿ ಬರತ್ತೆ, ಅಷ್ಟೆ" ಎಂದರು. ಮೊದಲು ನಕ್ಕವರು ಅತ್ತಿಗೆಯೇ. ಆ ನಗು ಮೇಜನ್ನೆಲ್ಲ ಸುತ್ತಿಕೊಂಡು ಬಂದು, ಗಂಭೀರವಾಗಿರಲು ತುಂಬ ಪ್ರಯತ್ನಿಸುತ್ತಿದ್ದ ಮುಖ್ಯಸ್ಥರನ್ನೂ ಸೋಂಕಿತು.

ಅನಂತರ ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಆ ಪ್ರೋಗ್ರಾಮನ್ನು ಮತ್ತೆ ಹೊಲಿದರು. ನಕಲು ಮಾಡುವುದೇ ಬೇಡ ಎನ್ನುವವರು ಒಬ್ಬರು, ಎಲ್ಲವನ್ನೂ ನಕಲು ಮಾಡೋಣ ಎನ್ನುವವರು ಇನ್ನೊಬ್ಬರು. ದಿನವಿಡೀ ಜಗಳ, ಸಂಜೆ ಒಟ್ಟಿಗೆ ಚಹಾ. ಕೊನೆಗೆ ಇಬ್ಬರೂ ಒಪ್ಪಿದ ಸೂತ್ರವನ್ನು ಅತ್ತಿಗೆ ಊಟದ ಹೊತ್ತಿಗೆ ನಮಗೆ ಹೀಗೆ ಹೇಳಿದರು: "ನೋಡ್ಕೊಂಡು ಹೋಗೋಕೆ ಬಂದೋರಿಗೆ ಹಾಸಿಗೆ ಹಾಸಬೇಕಾಗಿಲ್ಲ, ಬಾಗಿಲಲ್ಲೇ ಮಾತಾಡಿಸಿ ಕಳಿಸಬಹುದು. ಉಳಿಯೋಕೆ ಬಂದೋರಿಗೆ ಸ್ವಂತ ಹಾಸಿಗೆ ಕೊಡ್ಬೇಕು." ಹುಡುಕುವಾಗ ನಕಲಿಲ್ಲ, ಗೂಡಿನಲ್ಲಿ ಇಡುವಾಗ ಮಾತ್ರ, ಒಮ್ಮೆ ಮಾತ್ರ, ಹೆಸರಿಗೆ ಅದರದೇ ಆದ ಒಂದು ಪ್ರತಿ. ಹುಡುಕಾಟ ದಿನಕ್ಕೆ ಸಾವಿರಾರು ಸಲ ನಡೆಯುತ್ತದೆ, ಹೊಸ ಓಣಿ ಹುಟ್ಟುವುದು ಅಪರೂಪಕ್ಕೆ. ಆದ್ದರಿಂದ ಕಸವೂ ಬೀಳಲಿಲ್ಲ, ಸುಳ್ಳೂ ಬರಲಿಲ್ಲ. ನಮ್ಮ ಸ್ಕ್ರೀನು ಅಂದಿನಿಂದ ಕಾಲೆತ್ತಿ ಕೂತದ್ದನ್ನು ನಾನು ಕಂಡಿಲ್ಲ.

ಇದಾಗಿ ಕೆಲವು ತಿಂಗಳ ಮೇಲೆ ಗಡಿಯಾರದ ಓಣಿಯ ಅಜ್ಜಿ ಕೋಲೂರಿಕೊಂಡು, ಗಂಡನನ್ನು ಹಿಂದಿಟ್ಟುಕೊಂಡು ನಮ್ಮ ಕೊಠಡಿಗೆ ಬಂದರು. ಡ್ರೈವರನ ತಲೆ ಸವರಿ, ನನ್ನ ಕೆನ್ನೆ ಹಿಂಡಿ, ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಮೇಜಿನಡಿ ತೂರಿಕೊಂಡು ಯಾವುದೋ ತಂತಿ ಸಿಕ್ಕಿಸುತ್ತಿದ್ದ ಅತ್ತಿಗೆಯನ್ನು ನೋಡಿ, "ಇವಳ್ಯಾರು ಕೆಳಗೆ?" ಎಂದರು. ನಾನು ಏನೋ ಚಂದದ ಪರಿಚಯ ಹೇಳುವ ಮೊದಲೇ ಅತ್ತಿಗೆ ತಲೆ ಹೊರಗಿಟ್ಟು, "ಅವತ್ತು ನಿಮ್ಮ ಓಣಿ ಸಿಗದ ಹಾಗೆ ಮಾಡಿದ್ದು ನಾನೇ ಅಜ್ಜಿ. ಈಗ ಸರಿ ಮಾಡಿದೀನಿ" ಎಂದರು.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹಿಂದೆ ನಿಂತ ಗಂಡನ ಕಡೆ ಕೋಲು ತೋರಿಸಿ, "ಇವರಿಗೆ ಮದುವೆ ಆದಾಗಿಂದ ನಮ್ಮನೆ ಅಡುಗೆಮನೇಲಿ ಉಪ್ಪಿನ ಡಬ್ಬಿ ಸಿಕ್ಕಿಲ್ಲ. ಇವತ್ತಿಗೂ 'ಎಲ್ಲಿದೆಯೇ' ಅಂತಾರೆ. ನಿಂಗೆ ಒಂದಿನ ಒಂದು ಓಣಿ ಸಿಗ್ಲಿಲ್ಲ. ಹೋಗ್ಲಿ ಬಿಡು, ಎದ್ದು ಬಿಸ್ಕತ್ತು ತಿನ್ನು" ಎಂದರು. ಅಜ್ಜ, ಉಪ್ಪಿನ ಡಬ್ಬಿಯನ್ನು ಆಕೆಯೇ ದಿನಕ್ಕೊಂದು ಕಡೆ ಇಡುವುದಾಗಿ ನಮ್ಮೆಲ್ಲರ ಮುಂದೆ ದೂರು ಕೊಟ್ಟರು. ಅತ್ತಿಗೆ ನೆಲದ ಮೇಲೇ ಕೂತು, ಕೋಟಿಗೆ ಪುಡಿ ಉದುರಿಸಿಕೊಳ್ಳುತ್ತ, ಆ ಇಬ್ಬರ ವ್ಯಾಜ್ಯವನ್ನು ನ್ಯಾಯಾಧೀಶರ ಶ್ರದ್ಧೆಯಿಂದ ಕೇಳಿದರು.

ಇಂಥವರನ್ನು ಹೊಗಳುವುದು ಕಷ್ಟ. ಸೇತುವೆ ಕಟ್ಟಿದವರಿಗೆ ಸೇತುವೆಯುಂಟು, ಹಾಡಿದವರಿಗೆ ಹಾಡುಂಟು, ಕುರ್ಚಿ ಮಾಡಿದ ಬಡಗಿಗೂ ಕೂತವರ ಬೆನ್ನಿನ ಸಾಕ್ಷಿಯುಂಟು. ಇದ್ದ ತಡವೊಂದನ್ನು ಇಲ್ಲವಾಗಿಸಿದವರು ತೋರಿಸುವುದಾದರೂ ಏನನ್ನು? ಅವರ ಕೆಲಸ ಕೆಟ್ಟ ದಿನ ಲೋಕಕ್ಕೆ ಕಾಣುತ್ತದೆ. ಸರಿಯಿರುವ ದಿನಗಳಲ್ಲಿ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆಂಬುದೇ ಯಾರಿಗೂ ಹೊಳೆಯುವುದಿಲ್ಲ. ಅದನ್ನು ಬಲ್ಲ ಅವರು ಕೆಟ್ಟ ದಿನ ಎದ್ದು ನಿಂತು ನನ್ನದೆನ್ನುತ್ತಾರೆ, ಒಳ್ಳೆಯ ದಿನಗಳಲ್ಲಿ ಮೇಜಿನಡಿ ತಂತಿ ಸಿಕ್ಕಿಸುತ್ತಿರುತ್ತಾರೆ. ಅವರು ಉಳಿಸಿಕೊಟ್ಟ ಕ್ಷಣಗಳೆಲ್ಲ ಎಲ್ಲಿಗೆ ಹೋದವೆಂದು ಕೇಳಿದರೆ ಹೇಳಬಲ್ಲವರಿಲ್ಲ. ಯಾವುದೋ ಬೀದಿಯ ಯಾವುದೋ ಮನೆಯ ಮುಂದೆ ಗಾಡಿಯೊಂದು ತುಸು ಮೊದಲೇ ಬಂದು ನಿಂತಿತು. ಒಳಗಿದ್ದವರು ನಮ್ಮ ಅದೃಷ್ಟ ಎಂದುಕೊಂಡರು. ಎಂದುಕೊಳ್ಳಲಿ.